ಏನು ಬೇಡ ಎಂದು ಬರೆಯುವ ಕೆಲಸ

ನನ್ನನ್ನು ಯೋಜನಾ ವಿಭಾಗಕ್ಕೆ ಹಾಕಿದ ಸುದ್ದಿ ತಿಳಿದಾಗ ಪ್ರಯೋಗಾಲಯದ ಗೆಳತಿಯರು ಸಾವಿನ ಮನೆಗೆ ಬಂದವರ ಹಾಗೆ ಒಬ್ಬೊಬ್ಬರಾಗಿ ಬಂದು ಮಾತಾಡಿಸಿ ಹೋದರು. "ಯಾರ ಜೊತೆ ಜಗಳ ಆಡ್ದೆ ಕಣೇ?" ಅಂತ ಒಬ್ಬಳು ಕೇಳಿದಳು. ನಾನು ಯಾರ ಜೊತೆಯೂ ಆಡಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ, ಸೇನೆಗೆ ರೇಡಿಯೊ ಉಪಕರಣ ರೂಪಿಸುವ ಒಂದು ಸರ್ಕಾರಿ ಸಂಸ್ಥೆಯಲ್ಲಿ ಆಂಟೆನಾಗಳನ್ನು ಅಳೆಯುವ ಕೆಲಸ ನನ್ನದು. ಬಿಸಿಲಲ್ಲಿ ಮೈದಾನದ ತುಂಬ ಓಡಾಡಿ, ಮೀಟರಿನ ಮುಳ್ಳು ನೋಡಿ, ಸಂಜೆ ಗ್ರಾಫ್ ಹಾಕುವುದು ನನಗೆ ಬಹಳ ಇಷ್ಟವಾಗಿತ್ತು. ಯೋಜನಾ ವಿಭಾಗ ಅಂದರೆ ಫೈಲು, ಟೈಪ್‌ರೈಟರು, ಡೆಲ್ಲಿಗೆ ಟ್ರಂಕ್ ಕಾಲು. ವಿಜ್ಞಾನ ಕಲಿತವರು ನಿವೃತ್ತಿಗೆ ಮುಂಚೆ ಹೋಗಿ ಕೂರುವ ಜಾಗ ಅಂತ ಹೆಸರಿತ್ತು. ನನಗಿನ್ನೂ ಮೂವತ್ತು ತುಂಬಿರಲಿಲ್ಲ.

ನಿರ್ದೇಶಕರು ಮಿತಭಾಷಿ. ಕೂರಿಸಿ, ಕಾಫಿ ತರಿಸಿ, ವಿಷಯಕ್ಕೆ ಬಂದರು.

"ಮುಂದಿನ ಹತ್ತು ವರ್ಷಕ್ಕೆ ನಮ್ಮ ಸಂಶೋಧನೆ ಹೇಗಿರಬೇಕು ಅಂತ ಡೆಲ್ಲಿಯವರು ಕೇಳಿದ್ದಾರೆ. ಎಲ್ಲಾ ವಿಭಾಗದವರೂ ತಮಗೆ ಬೇಕಾಗಿದ್ದನ್ನೆಲ್ಲ ಬರ್ದು ಕೊಟ್ಟಿದ್ದಾರೆ. ಅದಕ್ಕೆ ಟ್ಯಾಗ್ ಹಾಕಿ ಕಳ್ಸೋದಾದ್ರೆ ಗುಮಾಸ್ತರು ಸಾಕು. ನೀವು ಏನು ಬೇಡ ಅಂತ ಬರ್ಕೊಂಡು ಬನ್ನಿ."

"ನಾನಾ ಸರ್?"

"ನೀವು ಎಲ್ಲಾ ವಿಭಾಗದವರ ಸೆಟ್ಟನ್ನೂ ಅಳೆದಿದ್ದೀರಿ. ಯಾವುದರ ಮೇಲೂ ನಿಮಗೆ ಮೋಹ ಇಲ್ಲ."

ಆ ಕೊನೆಯದೊಂದನ್ನು ಅವರು ತಪ್ಪು ತಿಳಿದಿದ್ದರು. ವಾಲ್ವ್ ವಿಭಾಗದ ಮುಖ್ಯಸ್ಥರ ಮೇಲೆ ನನಗೆ ಬಹಳ ಪ್ರೀತಿಯಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಬೆಸುಗೆ ಹಾಕುವುದರಿಂದ ಹಿಡಿದು ವರದಿ ಬರೆಯುವವರೆಗೆ ಎಲ್ಲ ಕಲಿಸಿದವರು ಅವರು. ಆರ್.ಟಿ. ನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅವರ ಮನೆ. ಆಫೀಸ್ ಬಸ್ಸಿನಲ್ಲಿ ನನಗಿಂತ ಮೊದಲು ಹತ್ತುತ್ತಿದ್ದರು. ಪಕ್ಕದ ಸೀಟಿನ ಮೇಲೆ ಟಿಫನ್ ಕ್ಯಾರಿಯರ್ ಇಟ್ಟುಕೊಂಡು, ನಾನು ಹತ್ತಿದ ಕೂಡಲೇ ಎತ್ತಿ ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದರು. "ಬಾಮ್ಮಾ" ಅನ್ನುತ್ತಿದ್ದರು. ಮನೆಯಲ್ಲಿ ದಖ್ಖನಿ ಉರ್ದು, ಬಸ್ಸಿನಲ್ಲಿ ಕನ್ನಡ, ಲ್ಯಾಬಿನಲ್ಲಿ ಕೋಪ ಬಂದರೆ ಇಂಗ್ಲಿಷ್. ಹಿಂದಿನ ಯುದ್ಧದ ಸಮಯದಲ್ಲಿ ಹೊರದೇಶದಿಂದ ಬರಬೇಕಾದ ಬಿಡಿಭಾಗಗಳು ಬರದೆ ರೇಡಿಯೊ ಸೆಟ್ಟುಗಳು ಅವರ ಮೇಜಿನ ಮೇಲೆ ಸಾಲಾಗಿ ಸತ್ತು ಮಲಗಿದ್ದವಂತೆ. ಗಡಿಯಿಂದ ಬಂದ ಅಧಿಕಾರಿಯೊಬ್ಬ ಅವುಗಳನ್ನು ನೋಡಿ ಬರಿಗೈಯಲ್ಲಿ ವಾಪಸು ಹೋದನಂತೆ. ಆಮೇಲಿಂದ ಅವರಿಗೆ ಒಂದೇ ಹಟ. ಪ್ರತಿಯೊಂದು ತುಂಡೂ ಇಲ್ಲೇ ಆಗಬೇಕು. ವಾಲ್ವ್ ಅಂದರೆ ಹಳೇ ರೇಡಿಯೊಗಳ ಒಳಗೆ ಕೆಂಪಗೆ ಕಾಯುವ ಗಾಜಿನ ಕೊಳವೆ. ಪೆನ್ಸಿಲ್ ತುಂಡಿನಷ್ಟಿರುವ ಅಂಥ ಪುಟ್ಟ ವಾಲ್ವುಗಳನ್ನು ಗಾಜು ಕಾಯಿಸಿ, ಗಾಳಿ ಎಳೆದು, ಇಲ್ಲೇ ಮಾಡಿದರು. ಅವುಗಳಿಂದ ಬೆನ್ನಿಗೆ ಹಾಕಿಕೊಳ್ಳುವ ಸೆಟ್ ಕಟ್ಟಿದರು. ಆ ಸೆಟ್ಟಿನಲ್ಲಿ ಒಂದು ಮೊಳೆ ಕೂಡ ಪರದೇಶದ್ದಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದರು, ಅದು ನಿಜವೂ ಆಗಿತ್ತು.

ಅದೇ ಹೊತ್ತಿಗೆ ಕಿರಿಯರ ಗುಂಪೊಂದು ಟ್ರಾನ್ಸಿಸ್ಟರಿನ ಸೆಟ್ ಮಾಡುತ್ತಿತ್ತು. ಹಗುರ, ಒತ್ತಿದ ತಕ್ಷಣ ಮಾತು. ಆದರೆ ಅದರ ಮುಖ್ಯ ಭಾಗಗಳೆಲ್ಲ ಹೊರಗಿನವು. ಇವೆರಡರಲ್ಲಿ ಯಾವುದು ಬೇಡ?

ಮನೆಯಲ್ಲಿ ಇದನ್ನೆಲ್ಲ ಹೇಳುವ ಹಾಗಿರಲಿಲ್ಲ. ನಮ್ಮೆಜಮಾನರು ಯಶವಂತಪುರದಲ್ಲಿ ಹೈಸ್ಕೂಲ್ ಮೇಷ್ಟರು, ಕೇಳಬಾರದ್ದನ್ನು ಕೇಳದ ಮನುಷ್ಯ. ಅತ್ತೆ ಹಾಗಲ್ಲ. ಸೊಸೆ ರೇಡಿಯೊ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ ಅಂತ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದರು. ಭಾನುವಾರ ಬೆಳಗ್ಗೆ ಕೆಟ್ಟ ಟ್ರಾನ್ಸಿಸ್ಟರ್ ಹಿಡಿದು ಜನ ಬಾಗಿಲಿಗೆ ಬರುತ್ತಿದ್ದರು. ಬಿಚ್ಚಿ, ಸರಿ ಮಾಡಿ ಕೊಡುತ್ತಿದ್ದೆ. "ದೇಶದ ಕೆಲಸ ಅಂದ್ರೆ ಇದೇ ತಾನೆ?" ಅಂತ ಅತ್ತೆ ಕೇಳಿದರೆ "ಹೂಂ ಅತ್ತೆ, ಇದೇ" ಅನ್ನುತ್ತಿದ್ದೆ.

ಕೂತು ಬರೆಯುವುದಕ್ಕೆ ಮೊದಲು ಎರಡೂ ಸೆಟ್ಟನ್ನು ಬಳಸುವವರ ಕೈಗೆ ಕೊಟ್ಟು ನೋಡಬೇಕು ಎಂದು ಹಟ ಹಿಡಿದೆ. ಯೋಜನಾ ವಿಭಾಗದವರು ಅಂಥದ್ದನ್ನು ಅದುವರೆಗೆ ಕೇಳಿದ್ದಿಲ್ಲ. ನಿರ್ದೇಶಕರು ಒಪ್ಪಿದರು. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಪರೀಕ್ಷೆ. ಸೇನೆಯ ಕಡೆಯಿಂದ ಕೊಡಗಿನ ಕರ್ನಲ್ ಒಬ್ಬರು, ಅವರ ಜೊತೆ ಕೆಲವು ಜವಾನರು. ಎತ್ತ ನೋಡಿದರೂ ಮೊಣಕಾಲೆತ್ತರದ ಒಣಹುಲ್ಲು, ದೂರದಲ್ಲಿ ಕೆರೆಯ ನೀರು, ಕುರಿ ಮೇಯಿಸುವವರು ನಿಂತು ನೋಡುತ್ತಿದ್ದರು.

ವಾಲ್ವ್ ವಿಭಾಗದ ನಮ್ಮ ಹಿರಿಯರ ಸೆಟ್ ಅದ್ಭುತವಾಗಿ ಕೆಲಸ ಮಾಡಿತು. ದಿಬ್ಬದ ಆಚೆಯಿಂದ ಜವಾನ ಮಾತಾಡಿದರೆ ಪಕ್ಕದಲ್ಲಿ ನಿಂತು ಮಾತಾಡಿದ ಹಾಗಿತ್ತು. ಅವರ ಮುಖ ಅರಳಿತು. ಆಮೇಲೆ ಕರ್ನಲ್, ಸೆಟ್ ಹೊತ್ತವನಿಗೆ ಓಡಲು ಹೇಳಿದರು. ಓಡಿದ. ಮಲಗಲು ಹೇಳಿದರು. ಮಲಗಿದ. ಎದ್ದು ಮತ್ತೆ ಓಡು ಎಂದರು. ಅವನು ಏಳುವಾಗ ಬೆನ್ನಿನ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿ ಕೈ ಊರಿದ. ಕಿರಿಯರ ಸೆಟ್ ಹೊತ್ತವನು ಅದೇ ಓಟವನ್ನು ಸಲೀಸಾಗಿ ಮುಗಿಸಿದ. ಕರ್ನಲ್ ನಮ್ಮ ಹಿರಿಯರ ಹತ್ತಿರ ಬಂದು ಬಹಳ ಗೌರವದಿಂದಲೇ ಹೇಳಿದರು.

"ಸರ್, ಇಷ್ಟು ಸ್ಪಷ್ಟವಾದ ಧ್ವನಿ ನಾನು ಯಾವ ಸೆಟ್ಟಲ್ಲೂ ಕೇಳಿಲ್ಲ. ಆದ್ರೆ ನನ್ನ ಜವಾನ ಗುಂಡು ಹೊರಬೇಕು, ನೀರು ಹೊರಬೇಕು. ಇದರ ಬ್ಯಾಟರಿ ಬೇರೆ ಹೊತ್ತರೆ ಅವನು ಬೆಟ್ಟ ಹತ್ತೋದು ಹೇಗೆ?"

"ಇನ್ನೊಂದು ವರ್ಷ ಕೊಡಿ. ತೂಕ ಇಳಿಸ್ತೀನಿ" ಅಂದರು ಇವರು.

ನಾನು ಪಕ್ಕದಲ್ಲೇ ಇದ್ದೆ. ತೂಕ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ವಾಲ್ವಿಗೆ ಬಿಸಿ ಬೇಕು, ಬಿಸಿಗೆ ಬ್ಯಾಟರಿ ಬೇಕು. ಅದು ಅವರ ಕೈಚಳಕದಿಂದ ತಪ್ಪಿಸುವಂಥದ್ದಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಹಿರಿಯರು ಕೇಳಿದರು. "ಆ ಹುಡುಗರ ಸೆಟ್ ಹಗುರ, ಒಪ್ತೀನಿ. ಆದ್ರೆ ಅದರೊಳಗಿನ ಹರಳು ಯಾರದ್ದು? ನಾಳೆ ಅವರು ಕೊಡಲ್ಲ ಅಂದ್ರೆ?"

ಹರಳು ಎಂದರೆ ಬೆಣಚುಕಲ್ಲಿನ ತೆಳುವಾದ ಬಿಲ್ಲೆ. ರೇಡಿಯೊ ತನ್ನ ಅಲೆಯ ಮೇಲೆ ಕದಲದೆ ನಿಲ್ಲುವುದಕ್ಕೆ ಅದೇ ಆಧಾರ. ಹಿರಿಯರ ಸೆಟ್ಟಿನಲ್ಲಿ ಅಲೆಯನ್ನು ಗುಂಡಿ ತಿರುಗಿಸಿ ಕೈಯಲ್ಲೇ ಹಿಡಿಯಬೇಕಿತ್ತು; ಹುಡುಗರ ಸೆಟ್ಟಿನಲ್ಲಿ ಹರಳಿಲ್ಲದಿದ್ದರೆ ಒಬ್ಬ ಮಾತಾಡಿದ್ದು ಇನ್ನೊಬ್ಬನಿಗೆ ಸಿಗುವುದಿಲ್ಲ. ನಮ್ಮ ಹೊಲಗಳಲ್ಲಿ ಬೆಣಚುಕಲ್ಲು ಬೇಕಾದಷ್ಟು ಬಿದ್ದಿರುತ್ತದೆ, ಆದರೆ ರೇಡಿಯೊಗೆ ಬೇಕಾದಷ್ಟು ಶುದ್ಧವಾದದ್ದು ಸಿಗುವುದು ಅಪರೂಪ. ಮುಂದುವರಿದ ದೇಶಗಳು ಅದನ್ನು ಕಾರ್ಖಾನೆಯಲ್ಲಿ ಬೆಳೆಸುತ್ತಿದ್ದವು. ಕಲ್ಲಿನ ಚೂರುಗಳನ್ನು ಕ್ಷಾರದ ನೀರಿನ ಜೊತೆ ದಪ್ಪ ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ, ಪ್ರೆಷರ್ ಕುಕ್ಕರಿನ ಹಾಗೆ ವಾರಗಟ್ಟಲೆ ಕಾಯಿಸಿದರೆ, ಮೇಲೆ ತೂಗುಹಾಕಿದ ಬೀಜದ ಹರಳಿನ ಮೇಲೆ ಹೊಸ ಹರಳು ನಿಧಾನವಾಗಿ ಬೆಳೆಯುತ್ತದೆ. ಹೇಳಿದಷ್ಟು ಸುಲಭವಿಲ್ಲ. ಅದರ ಗುಟ್ಟನ್ನು ಯಾವ ದೇಶವೂ ಮಾರುತ್ತಿರಲಿಲ್ಲ, ಹರಳನ್ನು ಮಾತ್ರ ಮಾರುತ್ತಿದ್ದವು.

ಮುಂದಿನ ಕೆಲವು ವಾರ ನಾನು ಗ್ರಂಥಾಲಯದಲ್ಲೇ ಇದ್ದೆ. ಹರಳು ಬೆಳೆಸುವುದನ್ನು ಕಲಿಯಲು ವರ್ಷಗಳು ಹಿಡಿಯುತ್ತವೆ, ಆದ್ದರಿಂದ ಈಗಲೇ ಶುರು ಮಾಡಬೇಕು ಅನ್ನುವುದು ಸ್ಪಷ್ಟವಾಯಿತು. ಬಿಲ್ಲೆಯಾಗಿ ಕತ್ತರಿಸಿದ ಮೇಲೆ ಅದಕ್ಕೆ ಗಾಳಿ ತೆಗೆದ ಡಬ್ಬಿಯೊಳಗೆ ಬೆಳ್ಳಿ ಲೇಪ ಹಾಕಬೇಕು, ಗಾಳಿಯಾಡದಂತೆ ಮುಚ್ಚಬೇಕು. ಗಾಳಿ ಎಳೆಯುವುದು, ಕಾಯಿಸುವುದು, ಮುಚ್ಚುವುದು ಈ ಮೂರನ್ನೂ ನಮ್ಮಲ್ಲಿ ಚೆನ್ನಾಗಿ ಬಲ್ಲವರು ವಾಲ್ವ್ ವಿಭಾಗದವರು. ನನ್ನ ಉತ್ತರ ಕಣ್ಣ ಮುಂದೆಯೇ ಇತ್ತು. ವಾಲ್ವ್ ಸೆಟ್ ನಿಲ್ಲಿಸಬೇಕು. ಆ ಜನರನ್ನು ಹರಳಿಗೆ ಹಾಕಬೇಕು. ಹುಡುಗರ ಸೆಟ್ ಸದ್ಯಕ್ಕೆ ಹೊರಗಿನ ಹರಳಿನಿಂದ ಮುಂದುವರಿಯಲಿ.

ಕಾಗದ ನಿರ್ದೇಶಕರ ಮೇಜಿಗೆ ಹೋಗುವ ಮೊದಲು ನಾನೇ ಹಿರಿಯರಿಗೆ ಹೇಳಬೇಕು ಅನ್ನಿಸಿತು. ಅವರ ಕೋಣೆಗೆ ಹೋದೆ. ನಿಂತೇ ಹೇಳಿದೆ. ಅವರು ಒರೆಸುತ್ತಿದ್ದ ಕನ್ನಡಕವನ್ನು ಒರೆಸುತ್ತಲೇ ಇದ್ದರು.

"ಸರ್, ನಿಮ್ಮ ವಿಭಾಗದವರು ಬಿಟ್ಟರೆ ಇದನ್ನ ಮಾಡೋವ್ರು ನಮ್ಮಲ್ಲಿ ಬೇರೆ ಯಾರೂ ಇಲ್ಲ" ಅಂದೆ.

"ಈ ವಯಸ್ಸಲ್ಲಿ ಕಲ್ಲು ಬೇಯಿಸು ಅಂತೀರಾ ಮೇಡಂ?"

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾರನೆಯ ದಿನ ಬಸ್ಸು ಹತ್ತಿದಾಗ ಟಿಫನ್ ಕ್ಯಾರಿಯರ್ ಪಕ್ಕದ ಸೀಟಿನ ಮೇಲೆ ಹಾಗೇ ಇತ್ತು. ನಾನು ಹಿಂದೆ ಹೋಗಿ ಕೂತೆ. ಹೆಬ್ಬಾಳದ ಕೆರೆ ಬರುವವರೆಗೂ ಕಿಟಕಿಯಾಚೆ ನೋಡುತ್ತ, ಬರೆದದ್ದನ್ನು ಬದಲಾಯಿಸಬೇಕೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಬದಲಾಯಿಸಬೇಕಾಗಿಲ್ಲ ಅನ್ನಿಸಿತು. ದುಃಖ ಇತ್ತು, ಅನುಮಾನ ಇರಲಿಲ್ಲ.

ಡೆಲ್ಲಿಯ ಸಮಿತಿ ಬಂದಾಗ ನಮ್ಮ ಸಭಾಂಗಣ ತುಂಬಿತ್ತು. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ನಾನು ಮಾತಾಡಿ ಕೂತ ಮೇಲೆ ಹಿರಿಯರು ಎದ್ದರು. ನನ್ನ ಹೆಸರೆತ್ತದೆ, ಒಂದು ಕಟುಮಾತೂ ಇಲ್ಲದೆ, ಸತ್ತು ಮಲಗಿದ್ದ ಆ ಹಳೇ ಸೆಟ್ಟುಗಳ ಕಥೆ ಹೇಳಿದರು. "ಕೈಯಲ್ಲಿರೋದನ್ನ ಬಿಟ್ಟು, ಬರುತ್ತೋ ಇಲ್ಲವೋ ಗೊತ್ತಿಲ್ಲದ್ದರ ಹಿಂದೆ ಹೋಗೋದು ರಕ್ಷಣೆ ಅಲ್ಲ" ಅಂದರು. ಸಭೆ ಅವರ ಕಡೆ ವಾಲಿದ್ದು ನನಗೆ ಕಾಣಿಸಿತು. ಅವರು ಮುಗಿಸಿದ ಮೇಲೆ ಸಮಿತಿಯ ಹಣಕಾಸಿನ ಸದಸ್ಯರು ಬೇರೆ ದಿಕ್ಕಿನಿಂದ ಬಂದರು. "ಹರಳು ಪೇಟೆಯಲ್ಲಿ ಸಿಗುತ್ತೆ. ಸಿಗೋದನ್ನ ಬೆಳೆಸೋಕೆ ವರ್ಷಗಟ್ಟಲೆ ಯಾಕೆ ಖರ್ಚು ಮಾಡಬೇಕು?"

ನಾನು ಮತ್ತೆ ಎದ್ದೆ. "ಇಬ್ಬರಿಗೂ ಒಂದೇ ಉತ್ತರ ಸರ್" ಅಂದೆ. "ಯುದ್ಧದಲ್ಲಿ ಬಿಡಿಭಾಗ ಬರಲಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ನಿಜ. ಅದಕ್ಕೇ ಹರಳು ಬೇಕು ಅಂತಿದ್ದೀನಿ. ಇವತ್ತು ಪೇಟೆಯಲ್ಲಿ ಸಿಗುತ್ತೆ, ಅದೂ ನಿಜ. ಸಿಗದೇ ಇರೋ ದಿನ ನಾವು ಕಲಿಯೋಕೆ ಕೂತ್ರೆ, ಕಲಿಯೋಷ್ಟರಲ್ಲಿ ಯುದ್ಧ ಮುಗಿದಿರುತ್ತೆ. ವಾಲ್ವ್ ಕಲಿತಾಗಿದೆ. ಆ ವಿದ್ಯೆ ಎಲ್ಲೂ ಹೋಗಲ್ಲ, ಹರಳಿಗೆ ಬರುತ್ತೆ. ಆದ್ರೆ ಆ ಸೆಟ್ ಹೊತ್ತು ಜವಾನ ಬೆಟ್ಟ ಹತ್ತಲಾರ."

ನಾನು ಕೂತೆ. ಹಿರಿಯರು ಮೇಜು ನೋಡುತ್ತ ಕೂತಿದ್ದರು.

ಸಮಿತಿ ಅರ್ಧ ಒಪ್ಪಿತು. ವಾಲ್ವ್ ಸೆಟ್ ನಿಲ್ಲಿಸಿತು. ಹರಳಿಗೆ ಒಂದು ಚಿಕ್ಕ ಪ್ರಯತ್ನ ಮಾಡಿ ನೋಡಿ ಅಂದಿತು. ಅಷ್ಟೇ. ಅದರ ಹೊಣೆ ಹೊರಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಸೋತರೆ ಹೆಸರು ಹಾಳು, ಗೆದ್ದರೂ ಯಾರಿಗೂ ಕಾಣದ ಕೆಲಸ.

ಒಂದು ಭಾನುವಾರ ಬೆಳಗ್ಗೆ ಬೇಕರಿಯಿಂದ ಖಾರ ಬಿಸ್ಕತ್ತು ಕಟ್ಟಿಸಿಕೊಂಡು ಹಿರಿಯರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. "ಆವೋ ಬೇಟಿ" ಅಂತ ಕೈ ಹಿಡಿದು ಒಳಗೆ ಕರೆದುಕೊಂಡರು. ಗಂಡ ನಮಾಜಿಗೆ ಅಣಿಯಾಗುತ್ತಿದ್ದಾರೋ, ನಿದ್ದೆಯಲ್ಲಿದ್ದಾರೋ ಎಂದು ನಾನು ಮೆಲ್ಲಗೆ ಮಾತಾಡಿದರೆ ಆಕೆ ದೊಡ್ಡ ದನಿಯಲ್ಲೇ ಹೇಳಿದರು.

"ಎದ್ದವ್ರೆ, ಎದ್ದವ್ರೆ. ಎಂಟು ದಿನ ಆಯ್ತು, ಊಟಕ್ಕೆ ಕೂತ್ರೆ ಅದೇ ಪುಸ್ತಕ. ಪತ್ಥರ್, ಪತ್ಥರ್, ಬರೀ ಕಲ್ಲಿನ ಮಾತು. ನನ್ನ ಕುಕ್ಕರ್ ಬಿಚ್ಚಿ ಗ್ಯಾಸ್ಕೆಟ್ ನೋಡ್ತಾರೆ. ನೀನಾದ್ರೂ ಬುದ್ಧಿ ಹೇಳಮ್ಮಾ."

ನಾನು ನಕ್ಕುಬಿಟ್ಟೆ. ಒಳಗಿನಿಂದ ಹಿರಿಯರು ಬಂದರು. ಕೈಯಲ್ಲಿ ನಮ್ಮ ಗ್ರಂಥಾಲಯದ ಪುಸ್ತಕವೇ ಇತ್ತು, ನಾನು ವಾಪಸು ಕೊಟ್ಟ ಮಾರನೆಯ ದಿನ ಅವರು ತಂದುಕೊಂಡಿದ್ದಿರಬೇಕು. ಹೆಂಡತಿಯನ್ನು ಒಮ್ಮೆ ದುರುಗುಟ್ಟಿ ನೋಡಿ ಕುರ್ಚಿಯಲ್ಲಿ ಕೂತರು.

"ಏನ್ ವಿಷಯ?"

"ಹರಳಿನ ಕೆಲಸಕ್ಕೆ ನೀವೇ ಬರಬೇಕು ಸರ್. ನಿರ್ದೇಶಕರು ಕಳ್ಸಿಲ್ಲ. ನಾನೇ ಕೇಳ್ತಿದ್ದೀನಿ."

ಚಹಾ ಬಂತು. ಅವರು ಬಿಸ್ಕತ್ತೊಂದನ್ನು ಮುರಿದು ಅದ್ದಿ ತಿಂದರು.

"ಉಕ್ಕಿನ ಪಾತ್ರೆ ಯಾರು ಕೊಡ್ತಾರೆ? ಆ ಒತ್ತಡ ತಡೆಯೋದು ಪೇಟೆಯಲ್ಲಿ ಸಿಗಲ್ಲ."

"ನೀವು ಹೇಳಿ ಸರ್."

"ಫಿರಂಗಿ ನಳಿಗೆ. ಹಳೇದು, ಬಿಸಾಕಿರೋದು. ಗುಂಡಿನ ಒತ್ತಡ ತಡೆದದ್ದು ಇದನ್ನ ತಡೆಯಲ್ವಾ?" ಅವರ ಕಣ್ಣು ಹೊಳೆಯಿತು. "ಆ ಕರ್ನಲ್ಲನ್ನ ಕೇಳಬೇಕು. ನನ್ನ ಸೆಟ್ಟನ್ನ ಬೇಡ ಅಂದನಲ್ಲ, ಇಷ್ಟಾದ್ರೂ ಮಾಡಲಿ. ಇನ್ನೊಂದು ಮಾತು. ಆಯ್ತಾ ಆಯ್ತಾ ಅಂತ ಯಾರೂ ಬಂದು ತಲೆ ತಿನ್ನಬಾರದು. ಕಲಿಯೋಕೆ ಸಮಯ ಬೇಕು. ಅದನ್ನ ನಿನ್ನ ಪ್ಲಾನಲ್ಲಿ ಬರೀತೀಯೇನಮ್ಮಾ?"

"ಬರೀತೀನಿ ಸರ್" ಅಂದೆ. ಬರೆದೆ ಕೂಡ. ಅಂಥ ವಾಕ್ಯ ಸರ್ಕಾರಿ ಯೋಜನೆಯಲ್ಲಿ ಇರುವುದಿಲ್ಲ ಎಂದು ಗುಮಾಸ್ತರು ಅಳುಕಿದರು. ಇರುತ್ತದೆ, ಟೈಪ್ ಮಾಡಿ ಅಂದೆ.

ಕೇಳಿದಾಗ ಕಳಿಸುತ್ತೇನೆ ಎಂದಿದ್ದ ಕರ್ನಲ್ ಮಾತು ಉಳಿಸಿಕೊಂಡರು. ಲಾರಿಯಲ್ಲಿ ಬಂದ ತುಕ್ಕು ಹಿಡಿದ ನಳಿಗೆಯನ್ನು ಟಿ. ದಾಸರಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೊಯ್ಯಿಸಿ, ಒಳಗೆ ಕೊರೆಸಿ, ಮುಚ್ಚಳ ಕೂರಿಸಿದೆವು. ಅದನ್ನು ಹುಗಿದು ನಿಲ್ಲಿಸಲು ಕಾಂಪೌಂಡಿನ ಮೂಲೆಯಲ್ಲಿ, ನೀಲಗಿರಿ ಮರಗಳ ಹಿಂದೆ, ಒಂದು ಗುಂಡಿ ತೋಡಿ ಸುತ್ತ ಗೋಡೆ ಎಬ್ಬಿಸಿದರು. ಸಿಡಿದರೆ ಮೇಲಕ್ಕೆ ಹೋಗಲಿ, ಪಕ್ಕಕ್ಕೆ ಹೋಗಬಾರದು ಎಂದು. ಪುಣ್ಯಕ್ಕೆ ಸಿಡಿಯಲಿಲ್ಲ.

ಮೊದಲ ಸಲ ತೆರೆದಾಗ ಒಳಗೆ ಬೆಳೆದದ್ದು ಹಾಲು ಬೆರೆಸಿದ ಹಾಗಿತ್ತು. ಎರಡನೆಯ ಸಲ ಬಿರುಕು. ಮೂರನೆಯದೂ ಮಬ್ಬು. ಹಿರಿಯರು ಕಂಗೆಡಲಿಲ್ಲ. ಪ್ರತಿ ಸಲವೂ ಒಂದಲ್ಲ ಒಂದನ್ನು ಬದಲಾಯಿಸಿ ಮತ್ತೆ ಮುಚ್ಚುತ್ತಿದ್ದರು, ಮತ್ತೆ ವಾರಗಟ್ಟಲೆ ಕಾಯುವುದು. ನಾನು ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ, ಆದರೆ "ಆಯ್ತಾ" ಎಂದು ಕೇಳುತ್ತಿರಲಿಲ್ಲ. ಪುಟ್ಟೇನಹಳ್ಳಿ ಕೆರೆಗೆ ಯಾವ ಹಕ್ಕಿ ಬಂದಿದೆ, ಅತ್ತೆ ಈ ವಾರ ಯಾರ ರೇಡಿಯೊ ಒಪ್ಪಿಕೊಂಡಿದ್ದಾರೆ, ಇಂಥ ಮಾತು.

ಒಂದು ದಿನ ಅವರೇ ಕರೆದರು. ಹರಳೊಂದನ್ನು ಅಡ್ಡವಾಗಿ ಕೊಯ್ದು, ನುಣುಪು ಮಾಡಿ, ದೀಪದ ಮುಂದೆ ಹಿಡಿದರು. ಈರುಳ್ಳಿ ಹೆಚ್ಚಿದಾಗ ಕಾಣುವ ಹಾಗೆ ಒಳಗೆ ಗೆರೆಗಳು. ಗೆರೆಗಳ ನಡುವೆ ನೀರಿನಷ್ಟು ತಿಳಿ.

"ಈ ಗೆರೆ ಏನು ಹೇಳು?"

ನಾನು ನೋಡಿದೆ. ಆ ವರ್ಷಗಳಲ್ಲಿ ಬೆಂಗಳೂರಿನವರು ಯಾರು ಬೇಕಾದರೂ ಊಹಿಸಬಹುದಿತ್ತು. "ಕರೆಂಟ್ ಹೋಗಿದ್ದು!"

"ಒಂದೊಂದು ಗೆರೆನೂ ಒಂದೊಂದು ಸಲ ಕರೆಂಟ್ ಹೋಗಿದ್ದು. ಬಿಸಿ ಇಳಿಯುತ್ತೆ, ಅಲ್ಲಿ ಮಬ್ಬು ಕೂರುತ್ತೆ. ನಮ್ಮ ಕೆಲಸದಲ್ಲಿ ತಪ್ಪಿಲ್ಲಮ್ಮಾ."

ನಮ್ಮಲ್ಲಿ ಜನರೇಟರ್ ಇದ್ದದ್ದು ಒಂದೇ, ಅದು ಕಂಪ್ಯೂಟರ್ ಕಟ್ಟಡಕ್ಕೆ ಮೀಸಲು. ಆ ಕಾಲದಲ್ಲಿ ಕಂಪ್ಯೂಟರ್ ಅಂದರೆ ದೇವರ ಕೋಣೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಅಲ್ಲಿಗೆ ಮಾತ್ರ ಎ.ಸಿ. ಜನರೇಟರನ್ನು ಹರಳಿಗೆ ಕೊಡಿ ಎಂದು ನಾನು ಬರೆದಾಗ ಆ ಕಟ್ಟಡದ ಮುಖ್ಯಸ್ಥರು ನನ್ನ ಕೋಣೆಗೇ ಬಂದರು. "ಕಲ್ಲಿಗಿಂತ ಕಂಪ್ಯೂಟರ್ ಕಡಿಮೆ ಆಯ್ತೇನ್ರೀ?"

"ಕರೆಂಟ್ ಹೋದ್ರೆ ನಿಮ್ಮ ಲೆಕ್ಕ ಮತ್ತೆ ಮೊದಲಿಂದ ಹಾಕಬಹುದು ಸರ್. ಒಂದು ಮಧ್ಯಾಹ್ನದ ಕೆಲಸ. ಅವರಿಗೆ ಆರು ವಾರದ ಬೆಳೆ ಹೋಗುತ್ತೆ" ಅಂದೆ. ಅವರು ನಿರ್ದೇಶಕರ ಹತ್ತಿರ ಹೋದರು. ನಾನೂ ಹೋದೆ. ನಿರ್ದೇಶಕರು ಇಬ್ಬರ ಮಾತನ್ನೂ ಕೇಳಿ, ಜನರೇಟರನ್ನು ನೀಲಗಿರಿ ಮರಗಳ ಕಡೆಗೆ ಸಾಗಿಸಲು ಹೇಳಿದರು. ಕಂಪ್ಯೂಟರಿನವರು ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಈ ಕೆಲಸದಲ್ಲಿ ಅದು ಇದ್ದದ್ದೇ ಎಂದು ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ಆದರೆ ಜನರೇಟರಿನ ಆಸರೆಯಲ್ಲಿ ಬೆಳೆದ ಹರಳು ಹೊರಬರುವ ಮೊದಲೇ ಸಮಿತಿ ಮತ್ತೆ ಬಂತು. ಹಣಕಾಸಿನ ಸದಸ್ಯರು ನನ್ನ ಹಳೇ ಮಾತುಗಳನ್ನು ಮರೆತಿರಲಿಲ್ಲ. "ಕೈಗೂಡದ್ದನ್ನ ನಿಲ್ಲಿಸಬೇಕು ಅಂತ ನೀವೇ ಅವತ್ತು ವಾಲ್ವ್ ಸೆಟ್ ನಿಲ್ಲಿಸಿದ್ರಿ. ಈಗ ಇದನ್ನ ಯಾಕೆ ನಿಲ್ಲಿಸಬಾರದು? ಅದೇ ಅಳತೆ ಇದಕ್ಕೂ ಹಾಕಿ."

ಪ್ರಶ್ನೆ ನ್ಯಾಯವಾದದ್ದು. ಹಿರಿಯರು ನನ್ನ ಕಡೆ ನೋಡಿದರು. ನಾನು ಆ ಕೊಯ್ದ ಹರಳನ್ನು ಸದಸ್ಯರ ಕೈಗೆ ಕೊಟ್ಟು ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದೆ.

"ಅದೇ ಅಳತೆ ಹಾಕ್ತೀನಿ ಸರ್. ವಾಲ್ವ್ ಸೆಟ್ಟಿನ ತೂಕ ವಾಲ್ವಿನ ಗುಣದಲ್ಲೇ ಇತ್ತು, ಎಷ್ಟು ವರ್ಷ ಕೊಟ್ಟರೂ ಹೋಗ್ತಿರಲಿಲ್ಲ. ಈ ಮಬ್ಬು ಹರಳಿನ ಗುಣ ಅಲ್ಲ. ನೋಡಿ, ಕರೆಂಟ್ ಇದ್ದಷ್ಟು ಹೊತ್ತು ಬೆಳೆದಿದ್ದೆಲ್ಲ ತಿಳಿಯಾಗಿದೆ. ಹೋದ ಕಡೆ ಮಾತ್ರ ಗೆರೆ. ನಮಗೆ ಬೆಳೆಸೋಕೆ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಅವರು ಹರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಪಕ್ಕದವರಿಗೆ ಕೊಟ್ಟರು. ಅದು ಮೇಜಿನ ಸುತ್ತ ಒಂದು ಸುತ್ತು ಹೋಗಿ ಬಂತು. ಕೆಲಸ ಮುಂದುವರಿಯಿತು.

ನಳಿಗೆಯಿಂದ ಮೊದಲ ತಿಳಿ ಹರಳು ಬಂದಾಗ ಹಿರಿಯರು ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಕರವಸ್ತ್ರ ಬಿಚ್ಚಿ ತೋರಿಸಿದರು. ಬೆಳಗಿನ ಬಿಸಿಲು ಅದರೊಳಗಿಂದ ಹಾದು ಅವರ ಅಂಗಿಯ ಮೇಲೆ ಬಿತ್ತು. ನಾನು ಬಗ್ಗಿ ನೋಡುತ್ತಲೇ ಇದ್ದೆ. ಅವರು ಮತ್ತೆ ಕಟ್ಟಿ ಜೇಬಿಗೆ ಹಾಕಿಕೊಂಡು, "ಜಾಸ್ತಿ ನೋಡಬೇಡ, ಇದು ಸರ್ಕಾರದ್ದು" ಅಂದರು.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ನಮ್ಮ ಬಿಲ್ಲೆಗಳು ಲ್ಯಾಬಿನಲ್ಲಿ ಸರಿಯಾಗಿದ್ದು, ಹಿಮದಷ್ಟು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೆ ಅಲೆ ತಪ್ಪುತ್ತಿದ್ದವು. ಹರಳನ್ನು ಯಾವ ಓರೆಯಲ್ಲಿ ಕತ್ತರಿಸಬೇಕು ಎಂದು ಹುಡುಕುವುದರಲ್ಲಿ ಇನ್ನೂ ಒಂದು ವರ್ಷ ಹೋಯಿತು. ಆ ಹುಡುಕಾಟ ಇನ್ನೇನು ಮುಗಿಯಬೇಕು ಅನ್ನುವಾಗ, ಎಂಬತ್ತರ ದಶಕದ ನಡುವೆ, ಹೊರದೇಶದ ಸರಬರಾಜುದಾರರು ತಿಳಿಸಿದರು: ತಮ್ಮ ಸರ್ಕಾರ ಅನುಮತಿ ಕೊಡುತ್ತಿಲ್ಲ, ಇನ್ನು ಮುಂದೆ ಈ ಬಗೆಯ ಹರಳು ಕಳಿಸಲಾಗುವುದಿಲ್ಲ. ಕಾರಣ ಹೇಳಿರಲಿಲ್ಲ. ಟ್ರಾನ್ಸಿಸ್ಟರ್ ಗುಂಪಿನ ಹುಡುಗರು, ಅಷ್ಟು ಹೊತ್ತಿಗೆ ಅವರೂ ಹುಡುಗರಾಗಿ ಉಳಿದಿರಲಿಲ್ಲ, ಮುಖ ಬಿಳಿಚಿಕೊಂಡು ನಿರ್ದೇಶಕರ ಕೋಣೆಗೆ ಬಂದರು. ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು.

ಹಿರಿಯರು ಆ ಗುಂಪಿನ ಮುಖ್ಯಸ್ಥನನ್ನು ಕೇಳಿದರು, "ನಿನಗೆ ಎಷ್ಟು ಬೇಕಪ್ಪಾ?"

"ಬೇಕಾದಷ್ಟು ಕೊಡೋಕಾಗುತ್ತಾ ಸರ್?"

"ಮೊದಲಿಗೆ ಸ್ವಲ್ಪ. ನಿಧಾನಕ್ಕೆ ಜಾಸ್ತಿ. ಆದ್ರೆ ನಿಲ್ಲಲ್ಲ."

ಹಾಗೇ ಆಯಿತು. ಸೆಟ್ಟುಗಳು ಹೇಳಿದ ಸಮಯಕ್ಕಿಂತ ತಡವಾಗಿ ಹೋದವು. ಅದಕ್ಕೆ ಡೆಲ್ಲಿಯಿಂದ ವಿವರಣೆ ಕೇಳಿದರು, ಕೊಟ್ಟೆವು. ತಡವಾಯಿತೇ ಹೊರತು ನಿಲ್ಲಲಿಲ್ಲ.

ಮೊದಲ ಕಂತಿನ ಪೆಟ್ಟಿಗೆಗಳು ರೈಲು ಹತ್ತುವ ದಿನ ಹಿರಿಯರು ನನ್ನನ್ನೂ ಯಶವಂತಪುರಕ್ಕೆ ಕರೆದುಕೊಂಡು ಹೋದರು. ನಮಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಗೂಡ್ಸ್ ಷೆಡ್ಡಿನ ಪಕ್ಕದಲ್ಲಿ ನಿಂತು, ಜವಾನರು ಹಸಿರು ಪೆಟ್ಟಿಗೆಗಳನ್ನು ವ್ಯಾಗನ್ನಿಗೆ ಏರಿಸುವುದನ್ನು ನೋಡಿದೆವು. ಪೆಟ್ಟಿಗೆಯ ಮೇಲೆ ಯಾರ ಹೆಸರೂ ಇರಲಿಲ್ಲ, ಒಂದು ಅಂಕಿ ಮತ್ತು ಮೇಲ್ಮುಖದ ಬಾಣ ಅಷ್ಟೇ. ಒಂದನ್ನು ತಲೆಕೆಳಗಾಗಿ ಇಟ್ಟದ್ದು ಕಂಡು ಹಿರಿಯರು ಓಡಿಹೋಗಿ ತಿರುಗಿಸಿ ಇಡಿಸಿದರು. ಅವರು ಯಾರೆಂದು ತಿಳಿಯದ ಹವಾಲ್ದಾರ, "ಚಾಚಾ, ಆಪ್ ಹಟಿಯೇ" ಎಂದು ಅವರನ್ನು ಪಕ್ಕಕ್ಕೆ ಕಳಿಸಿದ.

ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಖಾಲಿ ದೋಸೆ ತಿಂದೆವು. ಅವರು ನಿವೃತ್ತರಾಗುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಕಾಫಿ ಬಂದ ಮೇಲೆ ಹೇಳಿದರು.

"ನೀನು ನನ್ನ ಸೆಟ್ ನಿಲ್ಲಿಸಿದ್ದು ಸರಿ ಇತ್ತಮ್ಮಾ. ಆದ್ರೆ ತಡ ಮಾಡಿದೆ. ಇನ್ನೂ ಎರಡು ವರ್ಷ ಮುಂಚೆ ನಿಲ್ಲಿಸಿದ್ದಿದ್ರೆ ಈ ಹರಳು ತಡ ಆಗ್ತಿರಲಿಲ್ಲ."

"ಅದಕ್ಕೂ ಎರಡು ವರ್ಷ ಮುಂಚೆ ನಾನು ಆಂಟೆನಾ ಅಳೀತಿದ್ದೆ ಸರ್."

"ಹೌದಲ್ಲ" ಅಂದರು. ಸ್ವಲ್ಪ ಯೋಚಿಸಿ, "ಹಾಗಾದ್ರೆ ನಿರ್ದೇಶಕರದ್ದೇ ತಪ್ಪು. ನಿನ್ನನ್ನ ಅಲ್ಲಿ ಮೊದಲೇ ಕೂರಿಸಬೇಕಿತ್ತು" ಅಂದು ಜೋರಾಗಿ ನಕ್ಕರು. ಸಪ್ಲೈಯರ್ ತಿರುಗಿ ನೋಡಿದ.

ನಾನು ಆ ವಿಭಾಗದಲ್ಲೇ ಉಳಿದೆ. ಪ್ರಯೋಗಾಲಯಕ್ಕೆ ವಾಪಸು ಹೋಗುತ್ತೀರಾ ಎಂದು ನಿರ್ದೇಶಕರು ಮುಂದೊಂದು ದಿನ ಕೇಳಿದಾಗ ಬೇಡ ಎಂದೆ. ಹರಳು ನಮ್ಮದಾಗಿತ್ತು, ಆದರೆ ಟ್ರಾನ್ಸಿಸ್ಟರ್‌ಗಳು ಇನ್ನೂ ಹೊರಗಿನಿಂದಲೇ ಬರುತ್ತಿದ್ದವು. ಅವನ್ನೂ ಇಲ್ಲೇ ಮಾಡುವುದಕ್ಕೆ ಯಾವ ಕೆಲಸ ನಿಲ್ಲಿಸಬೇಕು, ಯಾರ ಕೋಣೆಗೆ ಹೋಗಿ ಹೇಳಬೇಕು ಎಂದು ಅಷ್ಟರಲ್ಲಿ ನನಗೆ ಸುಮಾರಾಗಿ ಗೊತ್ತಾಗಿತ್ತು.